ಸೋಫಾಗೆ ಜಾಗ ಬಿಡದ ಕಪಾಟು

ಕೋವಿಡ್ ಕಳೆದು ಎರಡನೆಯ ವರ್ಷವೋ ಮೂರನೆಯದೋ, ಖಚಿತವಿಲ್ಲ. ಆಗ ನಾನು ಡಚ್ಚರ ಊರಾದ ಹೂಫ್‌ಡಾರ್ಪ್‌ನ ಒಂದು ಪ್ರೌಢಶಾಲೆಯಲ್ಲಿ ಗ್ರಂಥಪಾಲಕನಾಗಿದ್ದೆ. ಮೈಸೂರಿನಲ್ಲಿ ಗ್ರಂಥಾಲಯ ವಿಜ್ಞಾನ ಓದುವಾಗಲೇ ಏನನ್ನೂ ಒಂದೇ ಕಡೆ ನೋಡಿ ನಂಬದ ಚಾಳಿ ಅಂಟಿತ್ತು. ನನ್ನ ನೆನಪನ್ನಂತೂ ನಂಬುತ್ತಲೇ ಇರಲಿಲ್ಲ.

ಪರಾಮರ್ಶನ ವಿಭಾಗ, ಅಂದರೆ ವಿಶ್ವಕೋಶ, ನಿಘಂಟು, ಅಟ್ಲಾಸ್‌ಗಳ ಕಪಾಟು, ಪೂರ್ತಿ ಡಿಜಿಟಲ್ ಆಗಬೇಕೆಂದು ಮುಖ್ಯೋಪಾಧ್ಯಾಯಿನಿ ತೀರ್ಮಾನಿಸಿದ್ದರು. ಆನ್‌ಲೈನ್ ವಿಶ್ವಕೋಶವೊಂದು ಪ್ರಯೋಗಕ್ಕೆ ಬಂದಾಗಿತ್ತು. ಕಪಾಟಿನ ಜಾಗದಲ್ಲಿ ಸೋಫಾ ಬರಬೇಕಿತ್ತು. ನನ್ನ ಶಿಫಾರಸು ಒಂದೇ ಬಾಕಿ. ನಾನು ಬರೆಯದೆ ಎಳೆಯುತ್ತಿದ್ದೆ. ಬೇಸಿಗೆಗೆ ನನ್ನ ಒಪ್ಪಂದ ಮುಗಿಯುತ್ತದೆಂದು ಅವರು ನಗುತ್ತಲೇ ನೆನಪಿಸಿದ್ದರು.

ಅಷ್ಟರಲ್ಲಿ ಕೊನೆಯ ವರ್ಷದ ವಿದ್ಯಾರ್ಥಿನಿ ನಾಜಿಯಾ ಬಂದಳು. ಮನೆಯವರು ಬೆಂಗಳೂರಿನವರು, ತಂದೆಗೆ ವಿಮಾನ ಕಂಪನಿಯೊಂದರಲ್ಲಿ ಐಟಿ ಕೆಲಸ. ಸಂಶೋಧನಾ ಪ್ರಬಂಧವಿಲ್ಲದೆ ಇಲ್ಲಿ ಶಾಲೆ ಮುಗಿಯುವುದಿಲ್ಲ. ಸರೋವರ ಬರಿದು ಮಾಡಿ ಪಡೆದ ಆ ಊರಿನ ನೆಲದಲ್ಲಿ ಮೊದಲು ನೆಲೆಸಿದವರ ಬಗ್ಗೆ ಅವಳು ಬರೆದಿದ್ದಳು. ಅವರಲ್ಲಿ ಬಹಳ ಮಂದಿ ಜ್ವರದಿಂದ ಸತ್ತರೆಂಬ ಮಾತಿಗೆ ಆ ಆನ್‌ಲೈನ್ ವಿಶ್ವಕೋಶವನ್ನು ಆಧಾರ ಕೊಟ್ಟಿದ್ದಳು. ಇತಿಹಾಸದ ಮೇಷ್ಟ್ರು ತೆರೆದು ನೋಡಿದರೆ ಆ ವಾಕ್ಯವೇ ಇಲ್ಲ. ಹುಡುಗಿ ಕಟ್ಟಿ ಬರೆದಿದ್ದಾಳೆ, ಪ್ರಬಂಧ ತಿರಸ್ಕರಿಸುತ್ತೇನೆ ಎಂದರು.

“ಅಂಕಲ್, ಸ್ಕ್ರೀನ್ ಮೇಲೆ ನಿಮಗೇ ತೋರಿಸಿದ್ನಲ್ಲ. ನೀವು ಹೇಳಿದ್ರೆ ಸರ್ ನಂಬ್ತಾರೆ.”

ನೋಡಿದ ಹಾಗಿತ್ತು. ನೋಡಿದ ಹಾಗಿರುವುದು ಸಾಕ್ಷಿಯಲ್ಲ.

“ನನ್ನ ತಲೆ ನಂಬ್ಕೊಂಡ್ರೆ ನೀನು ಫೇಲ್ ಆಗ್ತೀಯ. ಬಾ,” ಎಂದು ಕಪಾಟಿನತ್ತ ಕರೆದೊಯ್ದೆ.

ಅದೇ ಪ್ರಕಾಶಕರು ಮುದ್ರಣ ನಿಲ್ಲಿಸುವ ಮೊದಲು ತಂದ ಕೊನೆಯ ಆವೃತ್ತಿ ಅಲ್ಲಿತ್ತು. ಆನ್‌ಲೈನ್ ಲೇಖನಗಳು ಹುಟ್ಟಿದ್ದೇ ಅದರಿಂದ. ವಾಕ್ಯ ಇತ್ತು, ಅವಳು ಬರೆದಂತೆಯೇ. ಪ್ರಕಾಶಕರನ್ನು ವಿಚಾರಿಸಿದಾಗ, ಲೇಖನಗಳನ್ನು ಚಿಕ್ಕದು ಮಾಡುತ್ತಿದ್ದೇವೆ, ಹಳೆಯದನ್ನು ಓದುಗರಿಗೆ ತೋರಿಸುವ ವ್ಯವಸ್ಥೆ ಇಲ್ಲ ಎಂಬ ಉತ್ತರ ಬಂತು.

“ಅಂದ್ರೆ ಸತ್ತೋರನ್ನೇ ಎಡಿಟ್ ಮಾಡ್ಬಿಟ್ರಾ?” ಎಂದಳು ನಾಜಿಯಾ.

ಮೇಷ್ಟ್ರು ಪುಟ ನೋಡಿ, ಅವಳ ಕ್ಷಮೆ ಕೇಳಿ, ಪ್ರಬಂಧ ಒಪ್ಪಿಕೊಂಡರು. ಮುಖ್ಯೋಪಾಧ್ಯಾಯಿನಿ ಮಾತ್ರ ಜಗ್ಗಲಿಲ್ಲ. ಇಂಥದ್ದು ಎಲ್ಲೋ ಒಮ್ಮೆ ಆಗುತ್ತದೆ, ಸೋಫಾ ಬಂದಾಗಿದೆ ಎಂದರು. ಸೋಫಾ ಕಾರಿಡಾರ್‌ನಲ್ಲಿರಲಿ ಎಂದೆ. ಪ್ರಕಾಶಕರು ಪ್ರತಿ ಲೇಖನದ ಮೇಲೆ ದಿನಾಂಕ ಹಾಕಿ, ಹಳೆಯ ರೂಪವನ್ನೂ ತೆರೆದಿಡುವವರೆಗೆ ನಾನು ಶಿಫಾರಸು ಮಾಡುವುದಿಲ್ಲ, ಬೇಕಿದ್ದರೆ ಬೇರೆಯವರಿಂದ ಬರೆಸಿಕೊಳ್ಳಿ ಎಂದೂ ಹೇಳಿದೆ.

ಬೇಸಿಗೆಯಲ್ಲಿ ನನ್ನ ಒಪ್ಪಂದ ಮುಂದುವರಿಯಲಿಲ್ಲ. ಕಪಾಟು ಉಳಿಯಿತು, ಅದನ್ನು ಮುಟ್ಟಲು ಆ ಮೇಷ್ಟ್ರೇ ಬಿಡಲಿಲ್ಲವಂತೆ.

ಈಗ ಪಕ್ಕದ ಊರು ಹಾರ್ಲೆಮ್‌ನ ಶಾಲೆಯೊಂದರಲ್ಲಿದ್ದೇನೆ. ಡಿಜಿಟಲ್ ಕೋಶ ಮಾರಲು ಬಂದವರಿಗೆ ನನ್ನದು ಒಂದೇ ಪ್ರಶ್ನೆ: ಹೋದ ವರ್ಷ ಈ ಪುಟದಲ್ಲಿ ಏನಿತ್ತು, ತೋರಿಸಿ. ತೋರಿಸಿದವರದನ್ನು ಸಂತೋಷದಿಂದ ಕೊಂಡಿದ್ದೇನೆ. ಉಳಿದವರು ನಮ್ಮನ್ನು ನಂಬಿ ಎನ್ನುತ್ತಾರೆ. ನನ್ನ ನೆನಪನ್ನೇ ನಂಬದವನು ಅವರ ಮರೆವನ್ನು ಯಾಕೆ ನಂಬಲಿ?