ಖಾಲಿ ಗಾಡಿಯಲ್ಲಿ ಅಪ್ಪ

ನಾನು ಚಿಕ್ಕವಳಿದ್ದಾಗ ನಮ್ಮ ತೋಟದವರೆಗೂ ಬರುತ್ತಿದ್ದ ಮೋಟಾರು ಗಾಡಿ ಅಂದರೆ ತೆಂಗಿನಕಾಯಿ ತುಂಬುವ ಪಿಕಪ್ ಒಂದೇ. ತೋಟ ಇದ್ದದ್ದು ಹೊನ್ನವಳ್ಳಿಯಿಂದ ಒಳಗೆ. ತಿಪಟೂರಿಗೆ ಹೋಗಬೇಕೆಂದರೆ ಮೊದಲು ಮಣ್ಣಿನ ಬಂಡಿಜಾಡು, ಆಮೇಲೆ ಜಲ್ಲಿ ಸುರಿದು ಹಾಗೇ ಬಿಟ್ಟಿದ್ದ ರಸ್ತೆ, ಕೊನೆಗೆ ಡಾಂಬರು. ಕಾಯಿ ರಾಶಿಯ ಮೇಲೆ ಕೂತು ಸಂತೆಗೆ ಹೋಗುವಾಗ ನನಗೆ ಆ ಜಲ್ಲಿ ರಸ್ತೆಯೇ ಇಷ್ಟವಾಗಿತ್ತು. ಅಲ್ಲಿ ಹಾಡಿದರೆ ದನಿ ತುಂಡು ತುಂಡಾಗಿ ಬರುತ್ತಿತ್ತು, ನಾನೂ ಅಕ್ಕನೂ ಬಿದ್ದು ಬಿದ್ದು ನಗುತ್ತಿದ್ದೆವು.

ಅವತ್ತು ಬೆಳಿಗ್ಗೆ ಅಪ್ಪ ಕಾಯಿ ಕೀಳಲು ಮರ ಹತ್ತಿದ್ದ. ಒಣಗಿದ ಮಟ್ಟೆಯೊಂದು ಅವನ ಕೈಗೇ ಕಿತ್ತು ಬಂತು. ಅಪ್ಪ ಬಿದ್ದ ಸದ್ದು ಕಾಯಿ ಬಿದ್ದ ಸದ್ದಿನ ಹಾಗೇ ಇತ್ತು, ಅದಕ್ಕೆ ಯಾರೂ ತಿರುಗಿ ನೋಡಲಿಲ್ಲ. ನರಳಿದ್ದು ಕೇಳಿದ ಮೇಲೆ ಓಡಿದೆವು. ಎಚ್ಚರವಿತ್ತು. ಸೊಂಟದಿಂದ ಕೆಳಗೆ ಬೆಂಕಿ ಇಟ್ಟ ಹಾಗೆ ಉರಿಯುತ್ತಿದೆ ಅಂದ. ಕಾಲಿನ ಬೆರಳುಗಳು ಆಡುತ್ತಿದ್ದವು, ನಾನೇ ನೋಡಿದೆ.

ಪಿಕಪ್ ಕಾಯಿ ತುಂಬಿಕೊಂಡು ತೋಟದಲ್ಲೇ ನಿಂತಿತ್ತು. ಅಕ್ಕಪಕ್ಕದ ತೋಟದವರೆಲ್ಲ ಸೇರಿ ಕಾಯಿ ಕೆಳಗೆ ಎಸೆಯತೊಡಗಿದರು. ಗಾಡಿ ಹಗುರಾದರೆ ಬೇಗ ಹೋಗುತ್ತದೆ ಅಂತ.

"ಅರ್ಧ ಕಾಯಾದ್ರೂ ಇರ್ಲಿ ಕಣ್ರೀ, ಖಾಲಿ ಗಾಡಿ ಎತ್ತೆತ್ತಿ ಹಾಕ್ತದೆ" ಅಂದ ಡ್ರೈವರ್.

"ಜೀವಕ್ಕಿಂತ ನಿಂಗೆ ಕಾಯಿ ಹೆಚ್ಚಾಯ್ತೇನ್ಲಾ?" ಅಂತ ಒಬ್ಬರು ಗದರಿದರು. ಡ್ರೈವರ್ ಹೋಗಿ ತನ್ನ ಸೀಟಿನಲ್ಲಿ ಕೂತ.

ರಾಗಿಹುಲ್ಲು ಹರಡಿ, ಕಂಬಳಿ ಹಾಸಿ ಅಪ್ಪನನ್ನು ಮಲಗಿಸಿದರು. ಅವ್ವ ಅವನ ತಲೆ ಹಿಡಿದಳು, ನಾನು ಪಾದ. ಮಣ್ಣಿನ ಜಾಡಿನಲ್ಲಿ ಮೊಣಕಾಲುದ್ದ ಧೂಳು, ಗಾಡಿ ಮೆತ್ತಗೆ ತೂಗಿಕೊಂಡು ಹೋಯಿತು. ಜಲ್ಲಿ ರಸ್ತೆ ಬಂತು ನೋಡಿ, ಗಾಡಿ ಕುಣಿಯಲು ಶುರುಮಾಡಿತು. ಕಾಯಿಯ ಭಾರ ಇದ್ದಾಗ ಅಷ್ಟಿಷ್ಟು ಕುಲುಕುತ್ತಿದ್ದ ಗಾಡಿ ಈಗ ಅಪ್ಪನನ್ನು ಹಲಗೆಯಿಂದ ಎತ್ತಿ ಎತ್ತಿ ಕುಕ್ಕಿತು. ನಿಧಾನ ಮಾಡಿದರೂ ಅಷ್ಟೇ. ಹುಲ್ಲೆಲ್ಲ ಮೂಲೆಗೆ ಜರುಗಿತು. ಧೂಳು, ಡೀಸೆಲ್ಲು, ಅಪ್ಪನ ಬೆವರು ಎಲ್ಲ ಸೇರಿ ಒಂದೇ ವಾಸನೆ. ಎಂದೂ ಕೂಗದ ಅಪ್ಪ ಅವತ್ತು ಕೂಗಿದ. "ಪಾದ ಬಿಗಿಯಾಗಿ ಹಿಡ್ಕಳವ್ವಾ" ಅಂತ ನನ್ನನ್ನು ಬೇಡಿಕೊಂಡ. ನಾನು ಎದೆಗೆ ಅವುಚಿಕೊಂಡು ಅಳುತ್ತಾ ಕೂತೆ.

ಡಾಂಬರು ಬಂತು. ಸದ್ದೆಲ್ಲ ನಿಂತುಹೋಯಿತು. ಅಪ್ಪನ ಮುಖ ಸಡಿಲವಾಯಿತು.

"ಈಗ ಕಾಲು ನೋಯ್ತಿಲ್ಲ ಕಣೇ" ಅಂದ. ಅವ್ವ ಆ ಕರಿ ರಸ್ತೆಗೇ ಕೈಮುಗಿದಳು. ನನಗೂ ಹೋದ ಜೀವ ಬಂದ ಹಾಗಾಯಿತು. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಕೇಳಿದ, "ಯಾಕವ್ವಾ, ಪಾದ ಬಿಟ್ಬುಟ್ಯಾ?"

"ಇಲ್ಲ ಕಣಪ್ಪ, ಹಿಡ್ಕಂಡೇ ಇವ್ನಿ" ಅಂದೆ.

ತಿಪಟೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಅಪ್ಪನ ಪಾದಕ್ಕೆ ಸೂಜಿ ಚುಚ್ಚಿದರು. ಅಪ್ಪ ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡುತ್ತಾ, ಯಾವಾಗ ಚುಚ್ಚುತ್ತೀರಿ ಸ್ವಾಮಿ ಅಂತ ಕೇಳಿದ. ಆಮೇಲೆ ಅವನು ಎದ್ದು ನಡೆಯಲಿಲ್ಲ. ಬೆನ್ನು ಕೆಟ್ಟದ್ದು ಮರದ ಕೆಳಗೋ ಜಲ್ಲಿಯ ಮೇಲೋ, ಯಾರೂ ಹೇಳಲಿಲ್ಲ. ಕಾಯಿ ಇಳಿಸಿದವರು ಒಳ್ಳೆಯವರೇ, ಅಪ್ಪನಿಗಾಗಿ ಅತ್ತವರು. ಆದರೂ ನನಗೆ ಅವರ ಮೇಲಿನ ಸಿಟ್ಟು ಇವತ್ತಿಗೂ ಆರಿಲ್ಲ.

ಈಗ ಅದೇ ದಾರಿ ತೋಟದ ಬಾಗಿಲವರೆಗೂ ಡಾಂಬರು. ನಿಮ್ಮಪ್ಪನ ಕಾರಿನಲ್ಲಿ ಒಂದು ಕುಲುಕೂ ಗೊತ್ತಾಗುವುದಿಲ್ಲ. ನೀವಿಬ್ಬರೂ ನನ್ನ ಮಡಿಲಿಗೆ ಕಾಲು ಚಾಚಿ ನಿದ್ದೆ ಹೋಗುತ್ತೀರಿ. ನನಗೆ ಆ ನಿಶ್ಶಬ್ದ ಆಗುವುದಿಲ್ಲ ಮಕ್ಕಳೇ, ಭಯವಾಗುತ್ತದೆ. ಅದಕ್ಕೇ ನಿಮ್ಮ ಪಾದಕ್ಕೆ ಕಚಗುಳಿ ಇಡುವುದು. "ಅಜ್ಜಿ, ಮಲಗೋಕೂ ಬಿಡಲ್ಲ" ಅಂತ ಬೈದು ನನ್ನ ಹೊಟ್ಟೆಗೆ ಒದೆಯುತ್ತೀರಿ. ಒದೆತ ಬಿದ್ದ ಮೇಲೆ ನಾನೂ ಕಣ್ಣು ಮುಚ್ಚುತ್ತೇನೆ.