ಗೆಜ್ಜೆವಸ್ತ್ರ ತೊಟ್ಟ ನಾತಾಳದ ಗಿಡ

ಮೊನ್ನೆ ಮೊಮ್ಮಗಳು ಒಂದು ಡಬ್ಬಿಯನ್ನು ಗಡಗಡ ಅಲುಗಾಡಿಸಿ, ನಡುಮನೆಯ ಮೂಲೆಯಲ್ಲಿ ನಿಲ್ಲಿಸಿದ್ದ ಪ್ಲಾಸ್ಟಿಕ್ ಗಿಡದ ಮೇಲೆ ಬುಸ್ಸೆಂದು ಹೊಡೆದಳು. ಕೊಂಬೆಗಳ ಮೇಲೆ ಬಿಳಿ ನೊರೆ ಕೂತಿತು. ಮನೆಯೆಲ್ಲ ಉಗುರಿಗೆ ಹಚ್ಚುವ ಬಣ್ಣದ ವಾಸನೆ. "ಏನ ಇದು?" ಎಂದೆ. "ಸ್ನೋ, ಆಜಿ. ಹಿಂಗ ಡಬ್ಬಿ ಒಳಗ ಬರ್ತೈತಿ" ಎಂದಳು. ನೋಡಿ, ಮಾಘದಲ್ಲೇ ಬೆವರು ಸುರಿಯುವ ನಮ್ಮ ಸೊಲ್ಲಾಪುರದಲ್ಲೂ ಈಗ ಹಿಮ ಡಬ್ಬಿಯಲ್ಲಿ ಸಿಗುತ್ತದೆ. ಮೂಗು ಮುಚ್ಚಿಕೊಂಡು ಬಾಲ್ಕನಿಗೆ ಹೋಗಿ ಕೂತವಳು ಒಬ್ಬಳೇ ನಗತೊಡಗಿದೆ. ಸೊಸೆ ಬಂದು ಇಣುಕಿ ಹೋದಳು. ವಯಸ್ಸಾದವರು ಒಬ್ಬರೇ ನಕ್ಕರೆ ಮನೆಯವರಿಗೆ ಚಿಂತೆ ಹತ್ತುತ್ತದೆ. ಅವಳಿಗೆ ಹೇಳಿ ಹೇಳಿ ಹಳಸಿದ ಕಥೆ ಅದು, ನಿಮಗೆ ಹೊಸದು. ಆರಾಮಾಗಿ ಕೂಡಿ, ಹೇಳುತ್ತೇನೆ.

ಎಪ್ಪತ್ತರ ದಶಕದ ಮಾತು. ನಮ್ಮಪ್ಪನದು ಸೊಲ್ಲಾಪುರದ ಪೇಟೆಯಲ್ಲಿ ಚಾದರ, ಟಾವೆಲುಗಳ ಅಂಗಡಿ. ವ್ಯಾಪಾರಕ್ಕೆಂದು ಆಗಾಗ ಮುಂಬೈಗೆ ಹೋಗುತ್ತಿದ್ದ. ವ್ಯಾಪಾರದಲ್ಲಿ ಅಷ್ಟು ಜಾಣನಾದ ಮನುಷ್ಯ ಮುಂಬೈ ಫುಟ್‌ಪಾತಿನ ಮುಂದೆ ಮಾತ್ರ ಕೂಸಾಗಿಬಿಡುತ್ತಿದ್ದ. ಒಮ್ಮೆ ಪ್ಲಾಸ್ಟಿಕ್ಕಿನ ದ್ರಾಕ್ಷಿ ಗೊಂಚಲು ತಂದ, ಇನ್ನೊಮ್ಮೆ ತಲೆ ಕುಣಿಸುವ ನಾಯಿ. ಅವ್ವ ಎರಡನ್ನೂ ಅಟ್ಟದ ಮೇಲೆ ಹಾಕಿದ್ದಳು. ಆ ಡಿಸೆಂಬರಿನಲ್ಲಿ ತಂದದ್ದು ಉದ್ದನೆಯ ರಟ್ಟಿನ ಪೆಟ್ಟಿಗೆ. ಒಳಗೆ ತಂತಿಗೆ ಹಸಿರು ಕಾಗದ ಸುತ್ತಿದ, ಕೊಡೆಯ ಹಾಗೆ ಬಿಚ್ಚುವ ಒಂದು ಗಿಡ, ಬಣ್ಣದ ಗಾಜಿನ ಗುಂಡುಗಳು, ಬೇಗಡೆಯ ಒಂದು ಚಿಕ್ಕಿ, ಅಂದರೆ ನಕ್ಷತ್ರ.

"ಏನ್ರಿ ಇದು?" ಎಂದಳು ಅವ್ವ.

"ನಾತಾಳದ ಗಿಡ" ಎಂದ ಅಪ್ಪ. ಕ್ರಿಸ್‌ಮಸ್ಸಿಗೆ ನಮ್ಮಲ್ಲಿ ನಾತಾಳ ಎನ್ನುತ್ತಾರೆ. "ದೀಪಾವಳಿಗೂ ನಡೀತೈತಿ ಅಂದ ಮಾರಾಂವ."

ಅಟ್ಟಕ್ಕೆ ಹೋಗಬೇಕಾಗಿದ್ದ ಗಿಡವನ್ನು ಉಳಿಸಿದವಳು ನನ್ನಕ್ಕ ಪದ್ಮಾ. ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಕ್ರಿಶ್ಚನ್ ಗೆಳತಿಯೊಬ್ಬಳ ಮನೆಯಲ್ಲಿ ಇಂಥ ಗಿಡ ನೋಡಿ ಬಂದು, ಅದರ ಚಂದವನ್ನು ನನ್ನ ಕಿವಿ ತೂತು ಬೀಳುವ ತನಕ ಹೇಳಿದವಳು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಗಿಡದ ತುಂಬ ಹಿಮವಿತ್ತು, ಒಳಗೆ ಮಾತ್ರ ಇರಲಿಲ್ಲ. "ಬರ್ಫ ಎಲ್ಲಿ?" ಎಂದು ಪೆಟ್ಟಿಗೆಯನ್ನು ತಲೆಕೆಳಗೆ ಮಾಡಿ ಬಡಿದಳು. ಎರಡು ಜಿರಳೆ ಬಿದ್ದವು.

ನಮ್ಮ ಮನೆಯಲ್ಲಿ ಬರ್ಫ ಅಂದರೆ ಸೋಡಾ ಅಂಗಡಿಯವನು ಕಟ್ಟಿಗೆಯ ಹೊಟ್ಟಿನಲ್ಲಿ ಹೂತಿಡುತ್ತಿದ್ದ ಗಡ್ಡೆ. ಅದು ಗಿಡದ ಮೇಲೆ ಹೇಗೆ ಕೂಡುತ್ತದೆ ಎಂಬುದು ಆಯಿಗೆ, ಅಂದರೆ ಅಪ್ಪನ ತಾಯಿಗೆ, ಎಷ್ಟು ಹೇಳಿದರೂ ತಿಳಿಯಲಿಲ್ಲ. ಕೊನೆಗೆ ಅಕ್ಕ, "ಹತ್ತಿ ಇದ್ದಂಗ ಇರತೈತಿ, ಆಯಿ" ಎಂದಳು. ಆಗ ಆಯಿಯ ಮುಖ ಅರಳಿತು. ಮಿಲ್ಲುಗಳ ಊರಿನಲ್ಲಿ ಹತ್ತಿಗೇನು ಬರ? ಗಾಳಿ ಬೀಸಿದರೆ ಒಣಹಾಕಿದ ಹಪ್ಪಳದ ಮೇಲೂ ಎಳೆ ಬಂದು ಕೂಡುತ್ತಿತ್ತು. "ಅಷ್ಟ ಹೌದಿಲ್ಲೋ, ನನಗ ಬಿಡ್ರಿ" ಎಂದು ಆಯಿ ಕಾಲು ಚಾಚಿ ಕೂತುಬಿಟ್ಟಳು.

ಆಯಿ ಮಾಡಿದ್ದು ಗೆಜ್ಜೆವಸ್ತ್ರ. ದೇವರ ಕೊರಳಿಗೆ ಹಾಕುತ್ತೇವಲ್ಲ, ಹತ್ತಿಯನ್ನು ತೆಳ್ಳಗೆ ಎಳೆದು ನಡುನಡುವೆ ಬೆರಳಿನಿಂದ ಒತ್ತಿ ಮಣಿ ಮಾಡಿದ ಹಾರ, ಅದೇ. ವರ್ಷವಿಡೀ ಅದನ್ನೇ ಮಾಡಿದ ಕೈ ಬೇರೆ ಏನು ಮಾಡೀತು? ಎರಡು ಮಧ್ಯಾಹ್ನ ಕೂತು ಗಿಡದ ಪ್ರತಿ ಕೊಂಬೆಗೂ ಒಂದೊಂದು ಹಾರ ತೊಡಿಸಿದಳು. ಅಷ್ಟಕ್ಕೇ ಬಿಡಲಿಲ್ಲ, ಮಣಿಮಣಿಗೆ ಕುಂಕುಮ ಹಚ್ಚಿದಳು.

"ಆಯಿ, ಬರ್ಫ ಬೆಳ್ಳಗ ಇರತೈತಿ" ಎಂದು ಅಕ್ಕ ಗೋಗರೆದಳು.

"ಬರೇ ಬಿಳೀದು ತೊಡಸಬಾರದವ್ವಾ. ಮನ್ಯಾಗ ಲಗ್ನದ ಹುಡಿಗಿ ಅದಾಳ" ಎಂದಳು ಆಯಿ. ಲಗ್ನದ ಮಾತು ಬಂದೊಡನೆ ಅಕ್ಕ ಬಾಯಿ ಮುಚ್ಚಿಕೊಂಡಳು. ಕೆಂಪು ಚುಕ್ಕೆಯ ಹಿಮ ಹಾಗೇ ಉಳಿಯಿತು.

ಅಕ್ಕ ಯಾಕೆ ಬಾಯಿ ಮುಚ್ಚಿಕೊಂಡಳು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಆ ಬೇಸಿಗೆಯಲ್ಲಿ ಅಕ್ಕಲಕೋಟೆಗೆ ಒಂದು ಮದುವೆಗೆ ಹೋಗಿದ್ದೆವು. ಪಂಕ್ತಿಯಲ್ಲಿ ಮಠ್ಠಾ ಬಡಿಸಲು ಬಂದ ಹುಡುಗನೊಬ್ಬ ಅಕ್ಕನನ್ನು ನೋಡುತ್ತ ನೋಡುತ್ತ, ಮಜ್ಜಿಗೆಯನ್ನು ಅವಳ ಲೋಟಕ್ಕೆ ಹಾಕುವ ಬದಲು ಪಕ್ಕದಲ್ಲಿ ಕೂತಿದ್ದ ಕಾಕಾನ ಧೋತರಕ್ಕೆ ಸುರಿದಿದ್ದ. ಹುಡುಗನ ಮನೆಯವರು ಅಕ್ಕಲಕೋಟೆ ಹತ್ತಿರದ ಹಳ್ಳಿಯಲ್ಲಿ ಹೊಲಮನೆ ಇದ್ದವರು. ಈಗ ಅದೇ ಮನೆಯಿಂದ ಕೇಳಿಕೊಂಡು ಬಂದಿತ್ತು, ಪರೀಕ್ಷೆ ಮುಗಿಸಿಕೊಂಡೇ ಬರಲಿ ಎಂದೂ ಹೇಳಿದ್ದರು. ಭಾನುವಾರ ಹುಡುಗಿ ನೋಡಲು ಬರುವವರಿದ್ದರು. "ಅಂವಾ ಆದ್ರ ಹೂಂ ಅಂತೀನಿ, ಇಲ್ಲಂದ್ರ ಎಂ.ಎ. ಮಾಡ್ತೀನಿ" ಎಂದು ಅಕ್ಕ ಹಾಸಿಗೆಯಲ್ಲಿ ನನ್ನ ಕಿವಿಯಲ್ಲಿ ಹೇಳಿದ್ದಳು. ಎಂ.ಎ. ಮೇಲೆ ಅವಳಿಗೆ ಅಂಥ ಪ್ರೀತಿಯೇನೂ ಇರಲಿಲ್ಲ.

ಭಾನುವಾರ ಬರಬೇಕಾದವರು ನಾತಾಳದ ದಿನವೇ ಬಂದುಬಿಟ್ಟರು. ಹುಡುಗನ ಅಜ್ಜಿ ಸಿದ್ಧೇಶ್ವರನ ದರ್ಶನಕ್ಕೆ ಊರಿಗೆ ಬಂದವಳು, ಎಸ್.ಟಿ. ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಟಾಂಗಾ ತಿರುಗಿಸಿದ್ದಳಂತೆ. ಪೌಡರು ಹಚ್ಚಿಕೊಳ್ಳುವುದಕ್ಕೆ ಮೊದಲು ಹುಡುಗಿಯನ್ನು ನೋಡಬೇಕೆಂಬುದು ಅವಳ ಲೆಕ್ಕ. ಜೊತೆಗೆ ಮೊಮ್ಮಗ, ಅಂದರೆ ಆ ಮಜ್ಜಿಗೆಯ ಹುಡುಗ. ರಜೆಯೆಂದು ಅಪ್ಪ ಬನಿಯನ್ನಿನಲ್ಲಿದ್ದ. ಅಕ್ಕ ಸ್ಟೂಲಿನ ಮೇಲೆ ನಿಂತು ಚಿಕ್ಕಿ ಕಟ್ಟುತ್ತಿದ್ದಳು. ಬಾಗಿಲಲ್ಲಿ ಟಾಂಗಾ ಬಂದು ನಿಂತಿತು. ಅವರು ಅಂಥಿಂಥ ದೇವಭಕ್ತರಲ್ಲ, ಗುರುವಾರ ಮಠಕ್ಕೆ ಹೋಗದೆ ನೀರು ಸಹ ಕುಡಿಯದವರು. ನಡುಮನೆಯಲ್ಲಿ ಈ ಗಿಡ ಕಂಡರೆ ಏನೆಂದುಕೊಂಡಾರು?

ಅಕ್ಕ ಅಡುಗೆಮನೆಗೆ ಓಡಿದಳು. ಅಪ್ಪ ಅಂಗಿಗೆ ಓಡಿದ. ಅವ್ವ ಕೈಗೆ ಸಿಕ್ಕ ಹೊಸ ಚಾದರವನ್ನು ಬಿಚ್ಚಿ ಗಿಡದ ಮೇಲೆ ಹೊದಿಸಿಬಿಟ್ಟಳು. ನಮ್ಮೂರ ಚಾದರದ ಭಾರ ನಿಮಗೆ ಗೊತ್ತಲ್ಲ. ತಂತಿಯ ಕೊಂಬೆಗಳು ಬಾಗಿ, ಗಿಡ ಮುದುಡಿ, ಮೂಲೆಯಲ್ಲಿ ಯಾರೋ ಮುಸುಕು ಹಾಕಿ ಕೂತ ಹಾಗೆ ಕಾಣತೊಡಗಿತು.

ಅಕ್ಕಲಕೋಟೆ ಅಜ್ಜಿ ಒಳಗೆ ಬಂದು ಚಾಪೆಯ ಮೇಲೆ ಕೂತು ನೀರು ಕುಡಿದಳು. ಮೂಲೆಯ ಕಡೆ ನೋಡಿದಳು.

"ಅಲ್ಯಾರ ಕುಂತಾರ್ರಿ? ಜ್ವರಾ ಬಂದಾವೇನು?"

"ಯಾರೂ ಇಲ್ರಿ" ಎಂದ ಅಪ್ಪ.

"ಯಾರೂ ಇಲ್ಲದವ್ರಿಗೆ ಚಾದರ ಹೊಚ್ಚೀರಿ?"

ಅಜ್ಜಿ ತಾನೇ ಎದ್ದು ಹೋಗಿ ಚಾದರ ಎಳೆದಳು. ಕೊಂಬೆಗಳು ಒಂದೊಂದಾಗಿ ಮೇಲೆದ್ದವು, ಗಾಜಿನ ಗುಂಡುಗಳು ಟಿಣಿಟಿಣಿ ಎಂದವು. ಮೈತುಂಬ ಗೆಜ್ಜೆವಸ್ತ್ರ, ಕುಂಕುಮ. ಅಜ್ಜಿ ಸೆರಗು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ, ಎರಡೂ ಕೈ ಮುಗಿದಳು.

"ಯಾವ ದೇವರ್ರೀ ಇದು?"

ಅಪ್ಪನ ಮುಖವನ್ನು ನೀವು ಆಗ ನೋಡಬೇಕಿತ್ತು. ಮುಳುಗುತ್ತಿದ್ದವನಿಗೆ ಹಗ್ಗ ಸಿಕ್ಕಿತ್ತು. "ನವಸದ ಗಿಡ್ರಿ" ಎಂದುಬಿಟ್ಟ. ನವಸ ಅಂದರೆ ಹರಕೆ. "ಪದ್ಮಾಗ ಒಂದು ಚೊಲೋ ಮನಿ ಸಿಗಲಿ ಅಂತ ಬೇಡಿಕೊಂಡೇವಿ. ನೋಡ್ರಿ, ನೀವ ಬಂದ್ರಿ." ಅವ್ವ ಹಿಂದೆ ಬೀಳುವವಳೇ? "ವಸ್ತ್ರಾ ಎಲ್ಲಾ ಪದ್ಮಾನ ಮಾಡ್ಯಾಳ್ರಿ, ಒಬ್ಬಾಕಿನ ಕುಂತು" ಎಂದು ಸೇರಿಸಿದಳು. ಆಯಿ ಮಗನನ್ನೂ ಸೊಸೆಯನ್ನೂ ಒಮ್ಮೆ ನೋಡಿ ಎಲೆ ಅಡಿಕೆಯ ಚಂಚಿ ಬಿಚ್ಚಿದಳು. ಅಜ್ಜಿ ಒಂದು ಹಾರವನ್ನು ಬೆರಳ ಮೇಲೆ ಎತ್ತಿ ಹಿಡಿದು, "ಕೈ ಭಾಳ ಹಗೂರ ಐತಿ ಹುಡಿಗೀದು" ಎಂದಳು. ಕೆಲಸ ಆದಂತೆಯೇ ಎಂದು ನನಗೆ ಕುಣಿಯುವಷ್ಟು ಖುಷಿಯಾಯಿತು.

ಅಷ್ಟರಲ್ಲಿ ಅವಲಕ್ಕಿಯ ತಾಟು ಹಿಡಿದುಕೊಂಡು ಅಕ್ಕ ಬಂದಳು. ಬಾಗಿಲ ಹಿಂದೆ ಎಲ್ಲ ಕೇಳಿಸಿಕೊಂಡಿದ್ದಳು. ತಾಟು ಕೆಳಗಿಟ್ಟಳು.

"ಅಜ್ಜಿ, ಇದು ದೇವರಲ್ರಿ. ಕ್ರಿಶ್ಚನ್ನರ ನಾತಾಳದ ಗಿಡ. ಅಪ್ಪಾ ಮುಂಬೈದಿಂದ ತಂದಾರ, ಚಂದ ಕಾಣತೈತಿ ಅಂತ ಸಿಂಗಾರ ಮಾಡಾಕತ್ತೀವಿ. ನವಸಾ ಗಿವಸಾ ಏನಿಲ್ಲ. ವಸ್ತ್ರಾ ನಮ್ಮ ಆಯಿ ಮಾಡಿದ್ದು. ನನಗ ಬತ್ತೀನೂ ಹೊಸ್ಯಾಕ ಬರಂಗಿಲ್ರಿ. ನಾ ಹೊಸದಿದ್ದು ಎಣ್ಣ್ಯಾಗ ಬಿಚ್ಚಿ ತೇಲತಾವ."

ಅಪ್ಪ ತಲೆ ಎತ್ತಿ ಫ್ಯಾನು ನೋಡತೊಡಗಿದ. ನನಗೆ ಅಕ್ಕನ ಮೇಲೆ ಎಂಥ ಸಿಟ್ಟು ಬಂತೆಂದರೆ, ಅವಳ ಜಡೆ ಹಿಡಿದು ಒಳಗೆ ಎಳೆದುಕೊಂಡು ಹೋಗಬೇಕೆನ್ನಿಸಿತು. ಬೇಕೆಂದವನು ಮುಂದೆ ಕೂತಿದ್ದಾನೆ, ಒಂದು ಹತ್ತು ನಿಮಿಷ ಸುಮ್ಮನಿರಲು ಏನು ಧಾಡಿ?

ಅಜ್ಜಿ ಅಪ್ಪನ ಕಡೆ ನೋಡಿದಳು, ಅಕ್ಕನ ಕಡೆ ನೋಡಿದಳು. "ಹಂಗಾರ ಈ ಹತ್ತಿ ಯಾಕವ್ವಾ?" ಎಂದಳು.

"ಬರ್ಫ ಅಂತ್ರಿ. ಥಂಡಿ ದೇಶದಾಗ ಮ್ಯಾಲಿಂದ ಬೀಳತೈತಂತ."

"ನೀ ನೋಡೀಯೇನು?"

"ಇಲ್ರಿ."

"ನಾನೂ ನೋಡಿಲ್ಲ. ಆದ್ರ ಹೊಲದಾಗ ಹತ್ತಿ ಒಡದಿದ್ದು ನೋಡೀನಿ. ತಾ ಇಲ್ಲಿ" ಎಂದವಳೇ ಆಯಿಯ ಮುಂದಿನ ಹತ್ತಿಯ ಬುಟ್ಟಿ ಎಳೆದುಕೊಂಡಳು. ಉಂಡೆ ಉಂಡೆ ಹಿಂಜಿ ಕೊಂಬೆಯ ತುದಿತುದಿಗೆ ಸಿಕ್ಕಿಸತೊಡಗಿದಳು. ಆಯಿ ಬಿಟ್ಟಾಳೆಯೇ? ಅಜ್ಜಿ ಇಟ್ಟಿಟ್ಟಲ್ಲೆಲ್ಲ ಹಿಂದಿನಿಂದ ಕುಂಕುಮ ಹಚ್ಚುತ್ತ ಬಂದಳು. "ಬ್ಯಾಡ್ರಿ, ಬೆಳ್ಳಗ ಇರಲಿ" ಎಂದು ಅಜ್ಜಿ, "ನಮ್ಮ ಮನಿ ಪದ್ಧತಿ ಅಲ್ರಿ" ಎಂದು ಆಯಿ. ಅಷ್ಟು ಹೊತ್ತೂ ತುಟಿ ಬಿಚ್ಚದ ಹುಡುಗ ಮೆಲ್ಲಗೆ, "ಚಿಕ್ಕಿ ಸೊಟ್ಟಗಾಗೈತಿ" ಎಂದ. "ಹಂಗಾರ ನೀವ ಕಟ್ರಿ" ಎಂದಳು ಅಕ್ಕ. ಅವನು ಎದ್ದು ಹೋಗಿ ಕಟ್ಟಿದ. ಅವಳು ಸ್ಟೂಲು ಹಿಡಿದುಕೊಂಡಳು. ಕನ್ಯೆ ನೋಡುವ ಶಾಸ್ತ್ರದಲ್ಲಿ ವರ ಸ್ಟೂಲು ಹತ್ತಿದ್ದು ನಮ್ಮ ಬಳಗದಲ್ಲಿ ಅದೇ ಮೊದಲು, ಅದೇ ಕೊನೆ.

ಹೋಗುವಾಗ ಅಜ್ಜಿ ಅಂದದ್ದು ಒಂದೇ ಮಾತು: "ತಿಳಸ್ತೀವ್ರಿ." ಹೆಣ್ಣು ಹೆತ್ತವರಿಗೆ ಇದಕ್ಕಿಂತ ಕೆಟ್ಟ ಮಾತು ಇಲ್ಲ. ಮರುದಿನ ಅಪ್ಪ ಗಿಡವನ್ನು ಅಟ್ಟಕ್ಕೆ ಹಾಕಲು ಹೋದ. ಅಕ್ಕ ಬಿಡಲಿಲ್ಲ. "ಗಿಡದ ಸಲುವಾಗಿ ನನ್ನ ಬ್ಯಾಡಂದ್ರ, ಗಿಡಾನರ ಇರಲಿ" ಎಂದಳು. ಹಗಲಿಡೀ ಹೀಗೆ ಧಿಮಾಕು ಮಾಡಿದವಳು ದೀಪ ಆರಿಸಿದ ಮೇಲೆ ಗೋಡೆ ಕಡೆ ತಿರುಗಿ ಅಳುತ್ತಿದ್ದಳು. ನನ್ನ ಸಿಟ್ಟು ಅಲ್ಲಿಗೇ ಇಳಿದುಹೋಯಿತು.

ಸಂಕ್ರಾಂತಿಯ ದಿನ ಹುಡುಗ ತಾನೇ ಬಂದ. ಎಳ್ಳುಬೆಲ್ಲದ ಜೊತೆ ಒಂದು ಚೀಲದ ತುಂಬ ಹೊಲದ ಹತ್ತಿ. ಕಿವಿ ಕೆಂಪು ಮಾಡಿಕೊಂಡು, ಪಾಠ ಒಪ್ಪಿಸುವ ಹಾಗೆ ಹೇಳಿದ: "ಅಜ್ಜಿ ಹೇಳ್ಯಾಳ್ರಿ, ಇದು ಮುಂದಿನ ನಾತಾಳಕ್ಕ. ಆದ್ರ ಗಿಡಾ ನಮ್ಮ ಮನ್ಯಾಗ ಇರಬೇಕಂತ." ಅಪ್ಪನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಕ್ಕ ಆಗಲೇ ಒಳಗೆ ಓಡಿದ್ದಳು.

ಪರೀಕ್ಷೆ ಮುಗಿದ ಮೇಲೆ ಮದುವೆಯಾಯಿತು. ಹುಡುಗಿಯ ಜೊತೆ ಕಳಿಸುವ ಪಾತ್ರೆಪಗಡಿ, ಉಂಡಿ, ಚಕ್ಕುಲಿಗಳನ್ನು ಮಂಟಪದಲ್ಲಿ ಸಾಲಾಗಿ ಜೋಡಿಸಿಡುತ್ತಾರಲ್ಲ, ರುಖವತ ಎಂದು, ಅದರ ನಟ್ಟನಡುವೆ ಸುಡು ಬೇಸಿಗೆಯಲ್ಲಿ ಹಿಮ ಹೊತ್ತು ನಿಂತಿತ್ತು ನಮ್ಮ ಗಿಡ. ಬಂದವರು ಅದಕ್ಕೂ ಅಕ್ಷತೆ ಹಾಕಿ ಹೋದರು.

ಈ ಕಥೆಯನ್ನು ನಾನು ಎಷ್ಟು ಮನೆಗಳಲ್ಲಿ ಹೇಳಿದ್ದೇನೋ. ಅಜ್ಜಿ ಸೆರಗು ಎಳೆದುಕೊಂಡು ಕಾಗದದ ಗಿಡಕ್ಕೆ ಕೈ ಮುಗಿಯುವುದನ್ನು ತುಟಿ ಸೊಟ್ಟ ಮಾಡಿಕೊಂಡು ತೋರಿಸಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೊನ್ನೆಯೂ ಬಾಲ್ಕನಿಯಿಂದಲೇ ಅಕ್ಕನಿಗೆ ಫೋನು ಮಾಡಿ, "ಅಕ್ಕಾ, ನಿಮ್ಮ ಅಜ್ಜಿ ಕೈ ಮುಗದಿದ್ದು ನೆನಪಾತು ನೋಡ" ಎಂದು ನಕ್ಕೆ. ಅವಳು ನಗಲಿಲ್ಲ.

"ನಿನಗೊಂದು ಹೇಳಬೇಕು. ಅಪ್ಪ ಇರೂ ತನಕಾ ಹೇಳಬ್ಯಾಡ ಅಂದಿದ್ಲು ಅಜ್ಜಿ. ಆಮ್ಯಾಲ ನೀ ಅಷ್ಟು ಚಂದ ಮಾಡಿ ತೋರಸ್ತಿದ್ದಿ, ಕೆಡಸೂದು ಯಾಕ ಅಂತ ಸುಮ್ಮನಾದೆ. ಅಜ್ಜಿಗೆ ಮೊದಲ ಗೊತ್ತಿತ್ತು, ಅದು ನಾತಾಳದ ಗಿಡ ಅಂತ."

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

"ನಮ್ಮ ಮಾವನ್ನ ಮಿಶನ್ ದವಾಖಾನ್ಯಾಗ ಹಡದಾಳ ಆಕಿ. ನಾತಾಳದಾಗ. ಹುಟ್ಟಿದ ಕೂಸು ಅಳಲಿಲ್ಲಂತ. ನರ್ಸಬಾಯಿ ಕೂಸಿನ್ನ ಎತಗೊಂಡು ಒಳಗ ಓಡ್ಯಾಳ. ವಾರ್ಡಿನ್ಯಾಗ ಇಂಥಾದ್ದ ಒಂದು ಗಿಡಾ ಇಟ್ಟಿದ್ರಂತ. ಅದರ ಮುಂದ ಕೈ ಮುಗದು ಮಲಗಿದ್ಲಂತ, ಒಳಗಿಂದ ಅಳೂದು ಕೇಳಸೂ ತನಕಾ."

"ಮತ್ತ ಯಾವ ದೇವರು ಅಂತ ಯಾಕ ಕೇಳಿದ್ಲು?"

"ಮನ್ಯಾಗ ಖರೇ ಹೇಳಾವ್ರು ಯಾರರ ಅದಾರೇನು ನೋಡೂಣು ಅಂತ."

"ನೀ ಹೊರಗ ಬರಲಿಲ್ಲಂದ್ರ?"

"ನಾನೂ ಕೇಳಿದ್ದೆ. 'ಚಾ ಕುಡದು ಬಸ್ಸು ಹಿಡೀತಿದ್ದೆ' ಅಂದ್ಲು."

ಫೋನಿಟ್ಟೆ. ಅಕ್ಕನ ಐವತ್ತು ವರ್ಷದ ಸಂಸಾರ ಒಂದು ಬಟ್ಟಲು ಚಹಾದಷ್ಟು ಹತ್ತಿರ ಬಂದು ತಪ್ಪಿಹೋಗುವುದಿತ್ತಲ್ಲ. ಒಳಗಿನಿಂದ ಮೊಮ್ಮಗಳು ಕರೆದಳು. ಅವಳ ಗೆಳತಿಯರು ಬಂದಿದ್ದರು. "ಆಜಿ, ಆ ಅಕ್ಕಲಕೋಟಿ ಅಜ್ಜೀದು ಮಾಡಿ ತೋರ್ಸು."

ಗಿಡದ ಮುಂದೆ ನಿಂತು ಸೆರಗು ಎಳೆದುಕೊಂಡೆ. ಕೈ ಮುಗಿದೆ. ಕಣ್ಣು ಮುಚ್ಚಿದರೆ, ಯಾವುದೋ ವಾರ್ಡಿನಲ್ಲಿ ಮಲಗಿ ಒಂದು ಅಳುವಿಗಾಗಿ ಕಿವಿಗೊಟ್ಟ ಹೆಂಗಸು ಕಂಡಳು. ತುಟಿ ಸೊಟ್ಟ ಮಾಡಬೇಕಾದದ್ದು ಮರೆತೇ ಹೋಯಿತು.

"ಈ ಸಲ ನಗು ಬರಲಿಲ್ಲ, ಆಜಿ" ಎಂದಳು ಮೊಮ್ಮಗಳು.

"ಇನ್ನ ಬರಂಗಿಲ್ಲವ್ವಾ. ನಗೂದಿದ್ರ ನನ್ನ ಅಪ್ಪನ್ನ ನೋಡಿ ನಗ್ರಿ" ಎಂದು ಹೇಳಿ, ಹುಡುಗಿಯರನ್ನೆಲ್ಲ ಕೂಡಿಸಿ, ಅಪ್ಪನ ಮುಖ ಮಾಡಿ ತೋರಿಸಿದೆ.