ಇನಾಸನ ಯಂತ್ರ, ಸಾಂತಾನನ ಬಲೆ

ಇನಾಸನ ಕೈಗಳಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಹಡಗಿನ ಇಂಜಿನ್ ಕೋಣೆಯಲ್ಲಿ ಗ್ರೀಸು, ಸ್ಪ್ಯಾನರ್ ಹಿಡಿದು ಪ್ರಾಯ ಕಳೆದವನು. ಕೆಲಸ ಮುಗಿಸಿ ಊರು ಸೇರಿದ ಮೇಲೆ, ಕಾಲ ಕೆಳಗಿನ ನೆಲ ಅಲುಗಾಡುವುದಿಲ್ಲ ಎನ್ನುವುದೇ ಅವನಿಗೊಂದು ಕಾಯಿಲೆಯಾಯಿತು. ಬೆಳಿಗ್ಗೆ ಪಾವು ರೊಟ್ಟಿ ಮಾರುವವನ ಸೈಕಲ್ ಹಾರ್ನ್ ಕೇಳುವ ಹೊತ್ತಿಗೆ ಬಾವಿಯ ಪಂಪು ಬಿಚ್ಚಿ ಕೂತಿರುತ್ತಿದ್ದ. ಮಧ್ಯಾಹ್ನಕ್ಕೆ ಫ್ಯಾನು, ಸಂಜೆಗೆ ಗೋಡೆ ಗಡಿಯಾರ. ಹೆಂಡತಿ ಎಸ್ಪೆರಾನ್ಸ್ ಮಿಕ್ಸಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದಳು.

"ಓಡ್ತಿರೋದನ್ನ ಯಾಕೆ ಬಿಚ್ತೀಯ ಮಾರಾಯ? ಕೈ ಅಷ್ಟು ತುರಿಸಿದ್ರೆ ತಗೋ, ತೆಂಗಿನಕಾಯಿ ತುರಿ" ಎಂದು ಒಂದು ಹೋಳನ್ನು ಅವನ ಮುಂದೆ ಕುಕ್ಕುತ್ತಿದ್ದಳು.

ಆ ಮೇ ತಿಂಗಳಲ್ಲಿ ಅವನ ಅಣ್ಣ ರುಜಾರ್ ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಜಗಲಿ ಹತ್ತಿದ. ರುಜಾರನದು ಪಕ್ಕದ್ದೇ ಮನೆ. ಮೀನು ಹಿಡಿದು ಬದುಕಿದವನು, ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬೀಳದಂಥ ಆಳು. ಚೀಲದಿಂದ ಒಂದು ವಿಡಿಯೊ ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟ. ಅದರ ಗಾಜಿನ ಕಿಂಡಿಯಲ್ಲಿ ಟೇಪು ಕಾಣುತ್ತಿರಲಿಲ್ಲ. ಬಿಳಿ ಬೂಷ್ಟು ಹತ್ತಿಯ ಹಾಗೆ ತುಂಬಿಕೊಂಡಿತ್ತು. ಜೊತೆಗೆ ಒಣ ಸೀಗಡಿಯ ವಾಸನೆ.

"ಇದೇನು, ಕ್ಯಾಸೆಟ್ಟೋ ಸೀಗಡಿಯೋ?"

"ಕ್ಲಬ್ಬಿನ ಅಧ್ಯಕ್ಷನ ಹೆಂಡತಿ ಬಿಸಿಲಿಗೆ ಇಟ್ಟಿದ್ದಳು, ಸೀಗಡಿ ಒಣಗಿಸೋ ಚಾಪೆ ಮೇಲೆ. ಬೂಷ್ಟು ಬಂದದ್ದನ್ನೆಲ್ಲ ಬಿಸಿಲಿಗಿಡೋದು ತಾನೆ ನಮ್ಮ ಹೆಂಗಸರು? ನಾನು ಕಸಿದುಕೊಂಡು ಬಂದೆ."

ಇನಾಸನಿಗೆ ಮುಂದೆ ಕೇಳಬೇಕಾಗಿರಲಿಲ್ಲ. ಇದು ಯಾವ ಕ್ಯಾಸೆಟ್ ಎಂದು ಊರಿಗೇ ಗೊತ್ತಿತ್ತು.

ಮೂವತ್ತು ವರ್ಷದ ಹಿಂದಿನ ಮಾತು. ಕೊಯ್ಲು ಮುಗಿದ ಗದ್ದೆ ಬಯಲಿನಲ್ಲಿ ಊರಿನ ಎರಡು ವಾಡೊ, ಅಂದರೆ ಕೇರಿಗಳ ನಡುವೆ ಫುಟ್ಬಾಲ್ ಫೈನಲ್. ಅತ್ತ ಕಡೆಯವರ ಜೆರ್ಸಿ, ಬೂಟು, ಗೆದ್ದವರ ಕಪ್ ಎಲ್ಲ ಟ್ರಾಲರ್ ಧಣಿಯ ದುಡ್ಡಿನದು. ಇತ್ತ ಸಮುದ್ರದಂಡೆಯವರು. ಟ್ರಾಲರುಗಳು ದಡದ ತನಕ ಬಂದು ಮೀನು ಬಳಿದುಕೊಂಡು ಹೋಗುತ್ತಿದ್ದ ಕಾಲ. ದಡದಿಂದ ಎಳೆಯುವ ರಾಂಪಣಿ ಬಲೆಗಳು ಚಪ್ಪರದಲ್ಲಿ ಇಲಿಗಳಿಗೆ ಹಾಸಿಗೆಯಾಗಿದ್ದವು. ಅದರ ವಿರುದ್ಧ ರಸ್ತೆ ತಡೆದು, ಲಾಠಿ ತಿಂದು, ಮಡಗಾಂವಿನ ಲಾಕಪ್ಪಿನಲ್ಲಿ ಮಲಗಿ ಬಂದವರು ದಂಡೆಯ ಗಂಡಸರು. ಅವರ ಮುಂದಾಳು ಸಾಂತಾನ್, ಇನಾಸ್ ಮತ್ತು ರುಜಾರರ ಅಪ್ಪ. "ಜೆರ್ಸಿ ಅವನದಾದರೆ ಬಲೆ ನಮ್ಮದು" ಎಂದು ಹಟ ಹಿಡಿದು ತನ್ನ ರಾಂಪಣಿಯ ತುಂಡನ್ನೇ ಕತ್ತರಿಸಿ, ಹೆಣೆದು, ಗೋಲ್ ಕಂಬಗಳಿಗೆ ಕಟ್ಟಿದ್ದ.

ಗೋಲ್ ಕೀಪರ್ ರುಜಾರ್. ಆಟ ಮುಗಿಯುವ ಹೊತ್ತಿಗೆ ಒಂದು ಚೆಂಡು ಮೂಲೆಯಿಂದ ಬಂತು, ಇವನು ಹಾರಿ ಬಿದ್ದ, ತಲೆಯೆತ್ತಿದರೆ ಚೆಂಡು ಬಲೆಯೊಳಗೆ. ಗೋಲ್ ಎಂದು ಸೀಟಿ. ರುಜಾರ್ ಎದ್ದು, "ಚೆಂಡು ಕಂಬದ ಹೊರಗಿಂದ ಬಂದದ್ದು! ಪಕ್ಕದ ಬಲೆಯಲ್ಲಿ ಬುರಾಕ್ ಇದೆ, ಅದರೊಳಗಿಂದ ತೂರಿತು!" ಎಂದು ಕಿರುಚಿದ. ಬುರಾಕ್ ಎಂದರೆ ತೂತು. ರೆಫ್ರಿ ಸಾಂತಾನನನ್ನೇ ಕೇಳಿದ. ಬಲೆ ಹೆಣೆದವನು ಅವನು, ಸೋಲುವುದೂ ಅವನ ವಾಡೊವೇ, ಸುಳ್ಳು ಯಾಕೆ ಹೇಳುತ್ತಾನೆ? ಸಾಂತಾನ್ ಬಲೆ ಹಿಡಿದುಕೊಂಡು ನಿಂತವನು ಟ್ರಾಲರ್ ಧಣಿಯ ಮುಖ ನೋಡಿದ. ಆಮೇಲೆ, "ನನ್ನ ಬಲೆಯಲ್ಲಿ ಬುರಾಕ್ ಇಲ್ಲ. ಇದ್ದರೆ ಈ ನನ್ನ ಮಗನಲ್ಲಿದೆ" ಎಂದ.

ಕಪ್ ಹೋಯಿತು. ಹೊಡೆದಾಟವಾಯಿತು. ಮದುವೆ ವಿಡಿಯೊ ತೆಗೆಯುವವನೊಬ್ಬ ಆಟವನ್ನು ಪೂರ್ತಿ ಹಿಡಿದಿದ್ದ. ಜಗಳ ತಣ್ಣಗಾಗುವ ತನಕ ಯಾರೂ ನೋಡಬಾರದು ಎಂದು ಪಾದ್ರಿ ಆ ಕ್ಯಾಸೆಟ್ಟನ್ನು ಊರ ಫುಟ್ಬಾಲ್ ಕ್ಲಬ್ಬಿನ ಕಪಾಟಿಗೆ ಹಾಕಿಸಿ, ಎರಡೂ ಕಡೆಯವರಿಂದ ಒಂದೊಂದು ಬೀಗ ಜಡಿಸಿದರು. ಜಗಳ ತಣ್ಣಗಾಯಿತು, ಪಾದ್ರಿ ತೀರಿಕೊಂಡರು, ಸಾಂತಾನನೂ ಹೋದ, ಬೀಗದ ಕೈಗಳು ಮಾತ್ರ ಒಟ್ಟಿಗೆ ಬರಲಿಲ್ಲ. ಈ ವರ್ಷ ಕ್ಲಬ್ಬಿನ ಸುವರ್ಣ ಸಂಭ್ರಮಕ್ಕೆಂದು ಗೋಡೆ ಕೆರೆಯುವಾಗ ತುಕ್ಕು ಹಿಡಿದ ಕಪಾಟಿನ ಬಾಗಿಲೇ ಕಳಚಿ ಬಿತ್ತು.

ಅವತ್ತು ಅಂಟಿದ ಹೆಸರು ಮಾತ್ರ ಕಳಚಿರಲಿಲ್ಲ. ರುಜಾರ್ ಊರಿಗೆ ಬುರಾಕನೇ ಆಗಿ ಉಳಿದ. ಅವನ ದೋಣಿ ಬುರಾಕನ ದೋಣಿ, ಅವನ ಮೊಮ್ಮಗಳು ಬುರಾಕನ ಮೊಮ್ಮಗಳು.

"ಭಾನುವಾರ ಹಳೆ ಆಟಗಾರರಿಗೆ ಶಾಲು ಹೊದಿಸ್ತಾರಂತೆ" ಎಂದ ರುಜಾರ್. "ತೂತು ಇತ್ತು ಅಂತ ಸಾಬೀತಾಗದೆ ನಾನು ಆ ವೇದಿಕೆ ಹತ್ತಲ್ಲ. ಸುಳ್ಳುಗಾರ ಅಂತ ಅಪ್ಪನ ಬಾಯಿಂದ ಕೇಳಿಸ್ಕೊಂಡಿದೀನಿ. ನನ್ನ ಕಣ್ಣಿಂದ ನೋಡಿದ್ದು ಇನಾಸ್, ಹಲಸಿನಹಣ್ಣು ತೂರೋ ಅಷ್ಟು ದೊಡ್ಡ ತೂತು."

ಮಡಗಾಂವಿನ ವಿಡಿಯೊ ಅಂಗಡಿಯವನು ಕ್ಯಾಸೆಟ್ ಮುಟ್ಟಲೂ ಒಪ್ಪಿರಲಿಲ್ಲ. ಬೂಷ್ಟು ಹಿಡಿದದ್ದನ್ನು ಹಾಕಿದರೆ ತನ್ನ ಯಂತ್ರವೇ ಹಾಳು ಎಂದು ಕೈಯಲ್ಲಾಡಿಸಿದ್ದ. ಇನಾಸನ ಬೆರಳುಗಳು ಆಗಲೇ ಕ್ಯಾಸೆಟ್ಟಿನ ಸ್ಕ್ರೂಗಳನ್ನು ಸವರುತ್ತಿದ್ದವು.

ಹಡಗಿಗೆ ಹೋದವರ ಮನೆಗಳಲ್ಲಿ ಸತ್ತ ವಿಸಿಆರ್‌ಗಳಿಗೆ ಬರವಿಲ್ಲ. ದೇವರ ಪಟದ ಕೆಳಗೆ ಕಸೂತಿ ಬಟ್ಟೆ ಹೊದ್ದು ಕೂತಿರುತ್ತವೆ. ಮೂರು ಮನೆಯಿಂದ ತಂದು ಬಿಚ್ಚಿ, ಉರುಳೆಗಳನ್ನು ತೆಗೆದು ಹಳೆಯ ಬಾಗಿಲಿನ ಹಲಗೆಯ ಮೇಲೆ ಕೂರಿಸಿದ. ಒಂದು ಕಡೆ ಬೂಷ್ಟಿನ ಸುರುಳಿ, ಇನ್ನೊಂದು ಕಡೆ ಖಾಲಿ ಸುರುಳಿ. ನಡುವೆ ಎರಡು ಗಾಜಿನ ಕಡ್ಡಿಗಳಿಗೆ ಮೆತ್ತನೆಯ ಫ್ಲಾನೆಲ್ ಬಟ್ಟೆ ಸುತ್ತಿ, ಟೇಪು ಅವುಗಳ ಸಂದಿನಲ್ಲಿ ಒರೆಸಿಕೊಂಡು ಹೋಗುವ ಹಾಗೆ ಮಾಡಿದ. ಎಳೆಯುವುದಕ್ಕೆ ಎಸ್ಪೆರಾನ್ಸ್‌ಳ ಹೊಲಿಗೆ ಯಂತ್ರದ ಮೋಟಾರು.

"ಅದೂ ಹೋಯ್ತಾ? ಅದು ನನ್ನ ತಾಯಿ ಮನೇದು!"

"ವಾಪಸ್ ಕೂರಿಸ್ತೀನಿ ಗೋ."

"ಗಡಿಯಾರಾನೂ ಕೂರಿಸ್ತೀನಿ ಅಂದಿದ್ದೆ. ಅದೀಗ ಹಿಂದಕ್ಕೆ ಓಡ್ತಿದೆ."

ಒಣಬಟ್ಟೆಗೆ ಮೇಲಿನ ಬೂಷ್ಟು ಹೋಗುತ್ತದೆ, ಅಂಟಿದ್ದು ಹೋಗಲು ಏನಾದರೂ ತೇವ ಬೇಕು. ಹಲ್ಲುನೋವಿಗೆ, ಕೆಮ್ಮಿಗೆ, ಸೊಂಟಕ್ಕೆ, ಸತ್ತವರ ಮನೆಯ ದುಃಖಕ್ಕೆ ಎಲ್ಲಕ್ಕೂ ಈ ಊರಿನವರು ಯಾವುದನ್ನು ಹಚ್ಚುತ್ತಾರೋ ಅದನ್ನೇ ಇನಾಸನೂ ಹಚ್ಚಿದ. ಗೇರುಹಣ್ಣಿನ ಸಾರಾಯಿ, ಫೆನಿ. ಪರೀಕ್ಷೆಗೆ ಬೇರೆ ಕ್ಯಾಸೆಟ್ ಬೇಕಲ್ಲ, ಕಪಾಟಿನ ಮೇಲೆ ತಮ್ಮ ಮದುವೆಯದೇ ಸಿಕ್ಕಿತು. ಅದಕ್ಕೂ ತುಸು ಬೂಷ್ಟು ಬಂದಿತ್ತು. ಫೆನಿ ಸವರಿ ಮೋಟಾರು ಒತ್ತಿದ. ಬಟ್ಟೆಗೆ ಕಂದು ಬಣ್ಣ ಹತ್ತಿತು. ಬೂಷ್ಟು ಹೋಯಿತು ಎಂದು ಹಿಗ್ಗಿದ. ಅವನ ಹತ್ತಿರ ಉಳಿದಿದ್ದ ಒಂದೇ ಜೀವಂತ ವಿಸಿಆರ್‌ಗೆ ಹಾಕಿ ನೋಡಿದರೆ ಚಿತ್ರವೂ ಹೋಗಿತ್ತು. ಇಗರ್ಜಿಯ ಮೆಟ್ಟಿಲು ಕಂಡಿತು, ಆಮೇಲೆ ಬರೀ ಗೆರೆಗಳ ಮಳೆ.

"ನನ್ನಪ್ಪ ಗ್ಲಾಸೆತ್ತಿ ಟೋಸ್ಟ್ ಹೇಳಿದ್ದೆಲ್ಲಿ?" ಎಸ್ಪೆರಾನ್ಸ್ ಸೌಟು ಹಿಡಿದೇ ಬಂದಳು.

"ಫೆನಿ ಕುಡೀತು."

"ನಿನ್ನನ್ನ ಕಟ್ಕೊಂಡ ದಾಖಲೆ ಹೋದದ್ದಕ್ಕೆ ಬೇಜಾರಿಲ್ಲ ಬಿಡು. ನನ್ನಪ್ಪನ ಮುಖ ಹೋಯ್ತಲ್ಲ, ದರಿದ್ರದವನೆ."

ಎರಡು ದಿನ ಅವಳು ಅವನ ತಟ್ಟೆಗೆ ಹಿಂದಿನ ದಿನದ ಸಾರನ್ನೇ ಹಾಕಿದಳು. ಅವನು ಟಿವಿ ರಿಪೇರಿಯವನಲ್ಲಿ ಬೇಡಿ ಶುದ್ಧ ಸ್ಪಿರಿಟ್ ತಂದ.

ಆಮೇಲೆ ಎಳೆತದ ತಾಪತ್ರಯ. ಬೂಷ್ಟು ಅಂಟಿಸಿದ್ದ ಕಡೆ ಮೋಟಾರು ಜಗ್ಗಿದರೆ ಟೇಪು ಕಿತ್ತು ಬರುತ್ತದೆ, ಸಡಿಲ ಬಿಟ್ಟರೆ ಸುಕ್ಕುಗಟ್ಟುತ್ತದೆ. ಸ್ಪ್ರಿಂಗ್ ಹಾಕಿದ, ರಬ್ಬರ್ ಹಾಕಿದ, ಬೈದ. ಎದ್ದು ಬಾವಿಯ ತನಕ ನಡೆದು ಬಂದ, ಮತ್ತೆ ಕೂತ, ಮತ್ತೆ ಎದ್ದ. ರುಜಾರ್ ಗಳಿಗೆಗೊಮ್ಮೆ ಬೇಲಿಯಿಂದ ಇಣುಕುತ್ತಿದ್ದ.

"ಆಯ್ತೇನೋ?"

"ನೀನು ಹೀಗೆ ಕೇಳ್ತಿದ್ರೆ ಮುಂದಿನ ಸುವರ್ಣಕ್ಕೆ ಆಗತ್ತೆ."

ರುಜಾರ್ ಒಳಗೆ ಬಂದು ಹಲಗೆಯನ್ನು ದಿಟ್ಟಿಸಿದ. ಹೊರಗೆ ಹೋಗಿ ಚಪ್ಪರದಿಂದ ಅಪ್ಪನ ರಾಂಪಣಿಯ ಅಂಚಿನ ಸೀಸದ ಗುಂಡುಗಳನ್ನು ಬಿಚ್ಚಿ ತಂದು ಮೇಜಿನ ಮೇಲೆ ಸುರಿದ. "ತೂಕ ಕಟ್ಟು. ಬಲೆ ನೀರಲ್ಲಿ ನಿಲ್ಲೋದು ಹೇಗೆ, ಸ್ಪ್ರಿಂಗ್ ಹಾಕಿದಾರಾ ಅಲ್ಲಿ?" ಇನಾಸ್ ಒಂದು ಸಣ್ಣ ತೋಳಿನ ತುದಿಗೆ ಗುಂಡು ನೇತುಹಾಕಿ, ಟೇಪನ್ನು ತೋಳಿನ ಅಡಿಯಿಂದ ಹಾಯಿಸಿದ. ಜಗ್ಗಿದಾಗ ಗುಂಡು ಮೇಲೇಳುತ್ತಿತ್ತು, ಸಡಿಲವಾದಾಗ ಇಳಿಯುತ್ತಿತ್ತು. ಟೇಪು ಸಮನಾಗಿ ಹರಿಯಿತು.

ಶುಕ್ರವಾರ ರುಜಾರನ ಕ್ಯಾಸೆಟ್ಟಿನ ಸರದಿ. ಮೂಗಿಗೆ ಟವೆಲ್ ಕಟ್ಟಿಕೊಂಡು ಇನಾಸ್ ಜಗಲಿಯಲ್ಲಿ ಕೂತ. ಒಮ್ಮೆ ಒಣಬಟ್ಟೆ, ಒಮ್ಮೆ ಸ್ಪಿರಿಟ್, ಮತ್ತೆ ಒಣಬಟ್ಟೆ. ಬಿಸಿಲಿನಲ್ಲಿ ಬೂಷ್ಟಿನ ಪುಡಿ ಹೊಗೆಯ ಹಾಗೆ ಏಳುತ್ತಿತ್ತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾದವು, ಆದರೂ ಕಾಲು ಮೋಟಾರಿನ ಪೆಡಲಿನಿಂದ ಏಳಲಿಲ್ಲ. ಶನಿವಾರ ಬೆಳಿಗ್ಗೆ ಟೇಪು ಕಪ್ಪಗೆ ಮಿಂಚಿತು. ರುಜಾರ್ ಇನ್ನೂ ಕಡಲಿನಿಂದ ಬಂದಿರಲಿಲ್ಲ. ಕಾಯಬೇಕಿತ್ತು. ಕಾಯುವುದು ಇನಾಸನಿಗೆ ಬರುತ್ತಿರಲಿಲ್ಲ. ವಿಸಿಆರ್‌ಗೆ ತಳ್ಳಿದ.

ಚಿತ್ರ ನಡುಗುತ್ತಿತ್ತು, ಆದರೆ ಇತ್ತು. ಮೂಲೆಯಿಂದ ಚೆಂಡು ಬಂತು. ಎರಡು ಕಂಬಗಳ ನಡುವೆಯೇ ಬಂತು. ರುಜಾರನ ಕಂಕುಳಿನ ಅಡಿಯಿಂದ ತಣ್ಣಗೆ ಒಳಗೆ ಹೋಯಿತು. ತಕರಾರಿಲ್ಲದ ಗೋಲ್.

ಇನಾಸ್ ಹಣೆ ಹಿಡಿದುಕೊಂಡ. ಆಗ ಬಿದ್ದಿದ್ದ ರುಜಾರ್ ಹೊರಳಿದ, ಅವನ ಮೈಯ ಹಿಂದಿನ ಪಕ್ಕದ ಬಲೆ ಕಾಣಿಸಿತು. ಅದರಲ್ಲಿ ತೂತಿತ್ತು. ಹಲಸಿನಹಣ್ಣು ತೂರುವಷ್ಟೇ ಇತ್ತು. ಸಾಂತಾನ್ ಗುಂಪು ಸೀಳಿಕೊಂಡು ಬಂದ. ತೂತಿನ ಅಂಚುಗಳನ್ನು ಒಟ್ಟಿಗೆ ಬಾಚಿ ಮುಷ್ಟಿಯಲ್ಲಿ ಹಿಡಿದುಕೊಂಡು ನೆಟ್ಟಗೆ ನಿಂತ. ರೆಫ್ರಿ ಬಂದು ಕೇಳಿದಾಗಲೂ ಬಿಡಲಿಲ್ಲ, ಹೊಡೆದಾಟ ಶುರುವಾದಾಗಲೂ ಬಿಡಲಿಲ್ಲ. ಕೋಪದಲ್ಲಿ ಬಲೆ ಹಿಡಿದು ನಿಂತಿದ್ದಾನೆ ಎಂದುಕೊಂಡಿದ್ದರು ಎಲ್ಲರೂ.

ಇನಾಸ್ ಕ್ಯಾಸೆಟ್ ಹೊರಗೆ ತೆಗೆದ. ಚೆಂಡು ಒಳಗೆ ಹೋಗುವ ಜಾಗ ಅಂಗೈಯಗಲದ ಟೇಪು, ಅಷ್ಟೇ. ಅದನ್ನು ಒರೆಸಿಬಿಟ್ಟರೆ ತೂತು ಉಳಿಯುತ್ತದೆ, ಅಣ್ಣನ ಮಾತು ಉಳಿಯುತ್ತದೆ. ಏನು ಒರೆಸುತ್ತದೆ ಎನ್ನುವುದು ಮದುವೆ ಕ್ಯಾಸೆಟ್ಟಿನಿಂದ ಗೊತ್ತೇ ಇತ್ತಲ್ಲ. ಬಟ್ಟೆಗೆ ಫೆನಿ ಸುರಿದುಕೊಂಡ.

"ಕುಡಿಯೋದಕ್ಕೆ ಬಟ್ಟೆ ಯಾಕೆ?" ಎಸ್ಪೆರಾನ್ಸ್ ಬಾಗಿಲಲ್ಲಿದ್ದಳು. ಅವನ ಹಿಂದೆ ನಿಂತು ಎಲ್ಲವನ್ನೂ ನೋಡಿದ್ದಳು. "ಮಾವ ಮುಷ್ಟಿ ಹಿಡಿದ, ನೀನು ಬಟ್ಟೆ ಹಿಡಿದಿದ್ದೀಯ. ಅಪ್ಪನ ಮಗನೇ ಸೈ."

ಇನಾಸ್ ಬಟ್ಟೆಯನ್ನು ಅಂಗಳಕ್ಕೆ ಎಸೆದ.

ರುಜಾರ್ ಒದ್ದೆ ಚಡ್ಡಿಯಲ್ಲೇ ಬಂದು ಟಿವಿಯ ಮುಂದೆ ನೆಲದಲ್ಲಿ ಕೂತ. ನೋಡಿದ. ಮತ್ತೊಮ್ಮೆ ಹಾಕಿಸಿದ. ಮತ್ತೊಮ್ಮೆ.

"ಕಂಕುಳಡಿ ಹೋಯ್ತು" ಎಂದ ಕಡೆಗೆ.

"ಹೂಂ."

"ಇರಲಿ. ತೂತಿತ್ತೋ ಇಲ್ವೋ?"

"ಇತ್ತು."

"ಮುದುಕನಿಗೆ ಗೊತ್ತಿತ್ತು."

"ಗೊತ್ತಿತ್ತು."

ರುಜಾರನ ದವಡೆ ಬಿಗಿಯಿತು. "ಸೂಳೆಮಗ. ಜಗಳ ಮುಗಿದ ಮೇಲೂ ಬಲೆ ಬಿಡಲೇ ಇಲ್ಲ ಅವತ್ತು. ಮನೆಗೆ ಬಾ ಅಂತ ಕರೆಯೋಕೆ ಹೋದ್ರೆ ಕಾಲಲ್ಲಿ ಒದ್ದ." ಕೈಚಾಚಿ ಟಿವಿ ಆರಿಸಿದ. "ನಾಳೆ ಟ್ರಾಲರಿನವರೂ ಬರ್ತಾರಾ?"

"ಧಣಿ ಮಗನೇ ಮುಖ್ಯ ಅತಿಥಿ. ಪೆಂಡಾಲೂ ಅವನದೇ."

ರುಜಾರ್ ಎದ್ದು ಚಡ್ಡಿ ಕೊಡವಿಕೊಂಡ. "ಹಾಗಾದ್ರೆ ಗೋಲ್ ತನಕ ತೋರಿಸು. ನಾನು ಹೊರಳೋಕೆ ಮುಂಚೆ ನಿಲ್ಲಿಸು."

"ಅಣ್ಣಾ, ಈ ತೂತಿಗೋಸ್ಕರ ತಾನೆ ನೀನು..."

"ನನಗೆ ಗೊತ್ತಾಯ್ತಲ್ಲ, ಸಾಕು. ಅವರು ಯಾಕೆ ಅಪ್ಪನ ಬಲೆ ನೋಡಿ ಹಲ್ಲು ಕಿಸೀಬೇಕು?"

ಭಾನುವಾರ ಸಂಜೆ ಬ್ಯಾಂಡಿನವರು ಊದಿ ಮುಗಿಸಿದ ಮೇಲೆ ಪೆಂಡಾಲಿನ ಬಿಳಿ ಪರದೆಯ ಮೇಲೆ ಆಟ ಓಡಿತು. ಸತ್ತವರನ್ನು ಗುರುತಿಸಿ ಜನ ಹೆಸರು ಹಿಡಿದು ಕೂಗಿದರು. ಇನಾಸನ ಬೆರಳು ಗುಂಡಿಯ ಮೇಲಿತ್ತು. ಹುಟ್ಟಿದಂದಿನಿಂದ ಸುಮ್ಮನಿರದ ಕೈ ಅಲ್ಲಿ ಕಲ್ಲಾಗಿ ಕೂತಿತ್ತು. ಚೆಂಡು ಬಂತು, ಕಂಕುಳಡಿ ನುಗ್ಗಿತು. ಇನಾಸ್ ಒತ್ತಿದ. ಪರದೆ ಕಪ್ಪಾಯಿತು.

"ಗೋಲ್! ಗೋಲ್ ಕಣ್ರೋ!" ಅತ್ತ ಕಡೆಯ ಕುರ್ಚಿಗಳು ಉರುಳಿದವು. "ಎಲ್ಲೋ ಬುರಾಕ್? ತೋರಿಸೋ ಬುರಾಕ್!"

"ಮುಂದೆ ಹಾಕಯ್ಯಾ!" ಎಂದ ಅಧ್ಯಕ್ಷ.

"ಮುಂದೆ ಇಲ್ಲ. ಟೇಪು ಹೋಗಿದೆ."

"ಇಷ್ಟು ದಿನ ಏನು ಉಜ್ಜಿದೆ ಮತ್ತೆ? ಥೂ, ಬಾಗಿಲ ಹಲಗೆ ಮೇಲೆ ಯಂತ್ರವಂತೆ! ಬೇಕಾದ ಕಡೆಗೇ ಬಂದ್ ಆಯ್ತು."

ಇನಾಸನಿಗೆ ಯಂತ್ರದಲ್ಲಿ ಒಂದು ಕೂದಲೆಳೆಯ ಐಬೂ ಇಲ್ಲ ಎಂದು ಕಿರುಚಬೇಕೆನಿಸಿತು. ಕಿರುಚಲಿಲ್ಲ. ಮೈಕಿನವನು ನಗು ತಡೆಯುತ್ತ "ರುಜಾರ್..." ಎಂದು ಶುರು ಮಾಡಿ, ತಡವರಿಸಿ, "ನಮ್ಮ ಬುರಾಕ್!" ಎಂದ. ರುಜಾರ್ ಮೆಟ್ಟಿಲು ಹತ್ತಿದ. ಶಾಲು ಹೊದಿಸಿದ ಧಣಿಯ ಮಗನ ಕೈಯನ್ನು ಮೂಳೆ ಮುರಿಯುವ ಹಾಗೆ ಕುಲುಕಿದ.

ಆವತ್ತಿನಿಂದ ಊರು ಇನಾಸನಿಗೂ ಒಂದು ಹೆಸರಿಟ್ಟಿದೆ. ಬಂದ್. ಬೇಲಿಯ ಈಚೆ ಬಂದ್, ಆಚೆ ಬುರಾಕ್. ಬೂಷ್ಟು ಹಿಡಿದ ಕ್ಯಾಸೆಟ್ಟುಗಳನ್ನು ಹಿಡಿದುಕೊಂಡು ಜನ ಈಗಲೂ ಬರುತ್ತಾರೆ, ಜೊತೆಗೊಂದು ಚುಚ್ಚುಮಾತನ್ನೂ ತರುತ್ತಾರೆ. ಅವನು ಕೇಳಿಸಿಕೊಳ್ಳುತ್ತಾನೆ, ಸ್ಕ್ರೂ ಬಿಚ್ಚುತ್ತಾನೆ, ಸೀಸದ ಗುಂಡು ನೇತುಹಾಕುತ್ತಾನೆ. ಹೊಲಿಗೆ ಯಂತ್ರಕ್ಕೆ ಮೋಟಾರು ಇನ್ನೂ ವಾಪಸು ಬಂದಿಲ್ಲ.